ಹಲ್ಲಿಗೆ ತಾಗದ ಊಟ

ಗೋಡೆ ಬರೆಯುವವರಲ್ಲಿ ಎರಡು ಬಗೆ. ನೆಲದ ಮೇಲೆ ನಿಂತು ಬರೆಯುವವರು ಒಂದು, ಹಲಗೆಯ ಮೇಲೆ ಕೂತು ಬರೆಯುವವರು ಇನ್ನೊಂದು. ಹಲಗೆಯವರು ನೆಲದವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಏಣಿ, ಹಗ್ಗ, ರಾಟೆಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೂತೇ ನನ್ನ ತಲೆ ನೆರೆಯಿತು. ಎರಡೂ ಬಗೆಯವರನ್ನು ಬೇಕಾದಷ್ಟು ಕಂಡಿದ್ದೇನೆ. ಶಾಲೆಯ ಮೆಟ್ಟಿಲು ಹತ್ತದ ನಾನು ಅಕ್ಷರ ಕಲಿತದ್ದೇ ಇವರ ಗೋಡೆಗಳನ್ನು ನೋಡಿ. ಹಾಗಾಗಿ ನನ್ನ ವಿದ್ಯೆ ದಪ್ಪಕ್ಷರದ್ದು, ಬೀದಿಯ ಆಚೆ ತುದಿಯಿಂದಲೂ ಕಾಣುತ್ತದೆ. ಆ ಧೈರ್ಯದಿಂದಲೇ ಹೇಳುತ್ತೇನೆ: ಹಲಗೆಯ ಮೇಲೆ ಕೂತವರಲ್ಲಿ ಭಾವನಂಥವನು ಹಿಂದೆ ಇರಲಿಲ್ಲ, ಮುಂದೆ ಬರುವುದೂ ಅನುಮಾನ.

ಭಾವ ಎಂದರೆ ನನ್ನ ಭಾವನಲ್ಲ. ಅವನ ಹೆಂಡತಿಯ ತಮ್ಮ ಅವನ ಜೊತೆಗೇ ಹಲಗೆಯ ಮೇಲೆ ಕೂರುತ್ತಾನೆ. ಹೊತ್ತು ಏರಿದಾಗಿನಿಂದ ಇಳಿಯುವವರೆಗೆ ಆಕಾಶದಿಂದ ‘ಭಾವ, ಕೆಂಪು’, ‘ಭಾವ, ಈ ಕಡೆ’ ಎಂದು ಒಂದೇ ಸಮನೆ ದನಿ ಕೇಳುತ್ತಿದ್ದರೆ ಕೆಳಗಿನವರ ಕಿವಿಗೆ ಬೇರೆ ಹೆಸರು ಬೀಳುವುದಾದರೂ ಹೇಗೆ? ಬೀದಿಗೆ ಬೀದಿಯೇ ಅವನನ್ನು ಭಾವ ಎಂದಿತು. ಪೊಲೀಸಿನವನಿಗೂ ಭಾವ, ಹಲ್ಲಿನ ಡಾಕ್ಟರಿಗೂ ಭಾವ, ಅವನ ಅಪ್ಪನ ವಯಸ್ಸಿನ ನನಗೂ ಭಾವ. ಆ ತಮ್ಮ ಎಲ್ಲರಿಗೂ ಮೈದುನ.

ಭಾವ ಕುಳ್ಳ, ಎದೆ ಅಗಲ, ಎರಡು ಕೈಯಲ್ಲೂ ಬರೆಯುವವನು. ಬಲಗೈ ದಣಿದರೆ ಎಡಗೈ, ಅವಸರವಿದ್ದರೆ ಎರಡೂ. ಮೈದುನ ಗಳುವಿನ ಹಾಗೆ ಉದ್ದ, ಗಳುವಿನ ಹಾಗೇ ತೆಳು. ಅವನದು ಒಂದೇ ಕೈ ಕೆಲಸ. ಎಡಗೈಗೆ ಸದಾ ಒಂದು ಹಳೆಯ ಕಾಲುಚೀಲ ಹಾಕಿಕೊಂಡು ಅದನ್ನು ಬಣ್ಣದಿಂದ ಕಾಪಾಡುತ್ತಿದ್ದ. ಜೇಬಿನಲ್ಲಿ ಹುರಿದ ಕಡಲೆ ಇಟ್ಟುಕೊಂಡು ಆ ಚೊಕ್ಕ ಕೈಯಿಂದ ಒಂದೊಂದೇ ಬಾಯಿಗೆ ಎಸೆದುಕೊಂಡು ಕಟಕಟ ಅಗಿಯುವುದು ಅವನ ಅಭ್ಯಾಸ.

ಅವರ ಹಲಗೆಯ ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ತಾರಸಿಯಲ್ಲಿ ಒಂದು ರಾಟೆ. ರಾಟೆಯಿಂದ ಇಳಿಯುವುದು ಒಂದೇ ದಪ್ಪ ಹಗ್ಗ. ಕೂತವರ ತಲೆಯ ಮೇಲೆ ಆ ಹಗ್ಗ ಎರಡಾಗಿ ಕವಲೊಡೆದು ಹಲಗೆಯ ಎರಡು ತುದಿಗಳನ್ನು ಹಿಡಿಯುತ್ತದೆ. ಬಲತುದಿಗೆ ಭಾವ, ಎಡತುದಿಗೆ ಮೈದುನ. ಬಿದ್ದಾರೆಂದು ಸೊಂಟಕ್ಕೆ ಬೇರೆ ಹಗ್ಗ. ಒಬ್ಬ ಅಗಲ, ಒಬ್ಬ ಉದ್ದ. ತೂಕದಲ್ಲಿ ಮಾತ್ರ ಇಬ್ಬರೂ ಸರಿಸಮ. ಅದಕ್ಕೇ ಹಲಗೆ ಅಲ್ಲಾಡದೆ ನೇರ ನಿಲ್ಲುತ್ತಿತ್ತು. ಗೆರೆ ಎಳೆಯಲು ಬೇರೆಯವರು ರಸಮಟ್ಟ ಹಿಡಿಯುತ್ತಾರೆ. ಗಾಜಿನ ಕೊಳವೆಯ ಗುಳ್ಳೆ ನಡುವೆ ನಿಂತರೆ ನೇರ, ಪಕ್ಕಕ್ಕೆ ಓಡಿದರೆ ಸೊಟ್ಟ ಎಂದು ಹೇಳುವ ಕೋಲು ಅದು. ಭಾವ ಅದನ್ನು ಕೈಯಲ್ಲಿ ಮುಟ್ಟಿದವನಲ್ಲ. ಹಲಗೆಯ ಅಂಚಿಗೆ ನೀಲಿ ಪುಡಿ ಹಚ್ಚಿದ ದಾರ ಬಿಗಿದು ಗೋಡೆಗೆ ಫಟ್ಟನೆ ಹೊಡೆದರೆ ಅದೇ ಗೆರೆ. ರಸಮಟ್ಟ ಯಾಕಿಲ್ಲ ಎಂದು ಯಾರಾದರೂ ಕೇಳಿದರೆ, ಇಬ್ಬರು ಕೂತಿದ್ದೇವಲ್ಲ, ಕಾಣಲ್ವಾ ಎನ್ನುತ್ತಿದ್ದ.

ಆ ವರ್ಷ ಬೇಸಿಗೆಗೆ ಅವರಿಗೆ ದೊಡ್ಡ ಕೆಲಸ ಸಿಕ್ಕಿತು. ಬಸ್ಸು ಓಡಾಡುವ ಮುಖ್ಯ ಬೀದಿಯಲ್ಲಿ ತಕ್ಕಡಿ ತಯಾರಿಸುವ ಕಾರ್ಖಾನೆ. ಅದಕ್ಕೆ ಐದು ಮಹಡಿ ಎತ್ತರದ ಬೋಳು ಗೋಡೆ. ತಲೆಯ ಮೇಲೆ ಒಂದು ಸಾಲು ಬರಹ, ನಡುವೆ ಆನೆಯನ್ನೇ ತೂಗುವಷ್ಟು ದೊಡ್ಡ ತಕ್ಕಡಿಯ ಚಿತ್ರ, ಕೆಳಗೆ ಕಾರ್ಖಾನೆಯ ಹೆಸರು. ಇದು ಚೆನ್ನಾಗಿ ಬಂದರೆ ಉಳಿದ ಮೂರು ಗೋಡೆಗಳೂ ಅವರಿಗೇ. ಮೇಲಿನ ಸಾಲಿನಲ್ಲಿ ಬರೆಯಬೇಕಾದದ್ದು: ‘ಕೂದಲೆಳೆಯಷ್ಟೂ ತಪ್ಪದ ತೂಕ’.

ಬರೆದರು. ಅಕ್ಷರ ಒಂದೊಂದೂ ತಿದ್ದಿದ ಮೂರ್ತಿಯ ಹಾಗಿತ್ತು. ಆದರೆ ಸಾಲು ಎಡದಿಂದ ಹೊರಟು ಬಲಕ್ಕೆ ಬರುಬರುತ್ತಾ ಜಾರುಬಂಡೆಯಲ್ಲಿ ಜಾರಿದಂತೆ ಇಳಿದಿತ್ತು. ‘ಕೂದಲೆಳೆ’ ತಾರಸಿಯ ಅಂಚಿಗೆ ತಾಗಿದ್ದರೆ ‘ತೂಕ’ ಅಂಚಿನಿಂದ ಮಾರು ಕೆಳಗೆ. ಮೂಗು ಗೋಡೆಗೆ ತಾಗುವಂತೆ ಕೂತವರಿಗೆ ಅದು ಕಾಣುವುದು ಹೇಗೆ? ಕಂಡದ್ದು ಬೀದಿಗೆ. ಬಂದವರೆಲ್ಲ ತಲೆಯನ್ನು ಬಲಕ್ಕೆ ವಾಲಿಸಿ ಓದತೊಡಗಿದರು. ಹಾಗೇ ಓದುತ್ತಾ ಬಂದ ಸೈಕಲ್ಲಿನವನೊಬ್ಬ ಬಲಕ್ಕೇ ವಾಲಿ ತರಕಾರಿ ಗಾಡಿಯ ಎಲೆಕೋಸುಗಳ ನಡುವೆ ಕೂತ. ಎದುರಿನ ಕ್ಷೌರದಂಗಡಿಯವನ ಗೋಳು ಬೇರೆ. ಕನ್ನಡಿಯಲ್ಲಿ ಗೋಡೆ ಕಂಡ ಗಿರಾಕಿಗಳೆಲ್ಲ ಕತ್ತು ಓರೆ ಮಾಡಿ ಕೂತು, ಎದ್ದು ಹೋಗುವಾಗ ಒಂದು ಮೀಸೆ ಮೇಲೆ ಒಂದು ಮೀಸೆ ಕೆಳಗೆ.

ಕಾರ್ಖಾನೆಯ ಒಡತಿ ಹೊರಗೆ ಬಂದರು. ಬೆಳ್ಳಗೆ ಹತ್ತಿಯಂಥ ಕೂದಲು, ಕಿವಿಯ ಮೇಲೆ ಪೆನ್ಸಿಲ್ಲು, ಒಂದೊಂದು ಮಾತನ್ನೂ ತೂಗಿ ಹಾಕುವ ಹೆಂಗಸು. ಗೋಡೆ ನೋಡಿದರು, ಬೀದಿಯವರ ಕತ್ತು ನೋಡಿದರು, ಮತ್ತೆ ಗೋಡೆ ನೋಡಿದರು. ಬೈಯಲಿಲ್ಲ. ರಸಮಟ್ಟ ತರಿಸಿ ಹಲಗೆಯ ಮೇಲೆ ಇಡಿಸಿದರು. ಗುಳ್ಳೆ ಮೈದುನನ ಕಡೆಗೆ ಓಡಿಹೋಗಿ ಮೂಲೆಯಲ್ಲಿ ಅವಿತುಕೊಂಡಿತು. ಹಲಗೆ ಭಾವನ ಕಡೆಗೆ ವಾಲಿದೆ ಎಂದರ್ಥ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಭಾವ ಮೊದಲು ಗೋಡೆ ಡೊಂಕು ಎಂದ. ಆಮೇಲೆ ಗಾಳಿ ಎಂದ. ಕೊನೆಗೆ ನನ್ನ ಅಂಗಡಿಗೆ ಬಂದು, ಬಲಗಡೆಯ ಹಗ್ಗ ಹಿಗ್ಗಿದೆ ಅಣ್ಣ ಎಂದ. ನನ್ನ ಹಗ್ಗಕ್ಕೆ ಬಂದ ಮಾತನ್ನು ನಾನು ಬಿಟ್ಟವನಲ್ಲ. ಎರಡು ಕವಲನ್ನೂ ಬಿಚ್ಚಿ ಬೀದಿಯಲ್ಲೇ ಪಕ್ಕಪಕ್ಕ ಹಾಸಿದೆ. ಅವಳಿ ಮಕ್ಕಳ ಹಾಗೆ ಸಮ. ‘ಹಿಗ್ಗಿರೋದು ಹಗ್ಗ ಅಲ್ಲ’ ಎಂದೆ, ಅವನ ಹೊಟ್ಟೆಯನ್ನೇ ನೋಡುತ್ತಾ.

ಅನುಮಾನ ಬೇಡವೆಂದು ಒಡತಿ ಇಬ್ಬರನ್ನೂ ಅಂಗಳದ ದೊಡ್ಡ ತಕ್ಕಡಿಗೆ ಹತ್ತಿಸಿದರು. ಮೈದುನ ಹತ್ತಿದಾಗ ಮುಳ್ಳು ಸಾವಕಾಶವಾಗಿ ಹೋಗಿ ನಿಂತಿತು. ಭಾವ ಹತ್ತಿದಾಗ ಬಸ್ಸು ತಪ್ಪಿದವನ ಹಾಗೆ ಓಡಿತು. ಅರ್ಧ ಬಕೆಟ್ಟು ಬಣ್ಣದಷ್ಟು ಅಂತರ. ಭಾವ ಸ್ವಲ್ಪ ಒಳಗೆ ಸರಿದು ಕೂತರೆ ಹಲಗೆ ಸಮವಾಗುತ್ತದಲ್ಲ ಎಂದು ಯಾರೋ ಉಪಾಯ ಹೇಳಿದರು. ಸರಿದು ಕೂತ, ಹಲಗೆ ಸಮವಾಯಿತು, ಆದರೆ ಅವನ ಗಿಡ್ಡ ಕೈಗೆ ಕೊನೆಯ ಅಕ್ಷರವೇ ಸಿಗಲಿಲ್ಲ.

ಒಡತಿಯ ತೀರ್ಮಾನ ಎರಡೇ ಮಾತಿನದು. ಹಳೆಯ ಸಾಲಿಗೆ ಸುಣ್ಣ ಬಳಿದು ಒಣಗುವಷ್ಟರಲ್ಲಿ ಹಲಗೆ ನೇರ ನಿಂತರೆ ಸರಿ. ನಿಲ್ಲದಿದ್ದರೆ ಮೈದುನನ ಜೊತೆ ಬೇರೊಬ್ಬ ತೆಳ್ಳನೆಯ ಪೇಂಟರು ಕೂರುತ್ತಾನೆ, ಭಾವ ನೆಲದ ಮೇಲೆ ನಿಂತು ಗೇಟಿಗೆ ಬಣ್ಣ ಬಳಿಯುತ್ತಾನೆ.

ಗೇಟು ಎಂಬ ಮಾತು ಕೇಳಿ ಭಾವನ ಮುಖ ಸುಣ್ಣದಂತಾಯಿತು. ಮೀಸೆ ಮೂಡುವ ಮೊದಲೇ ಹಲಗೆ ಹತ್ತಿದವನು ಅವನು. ಮನೆಯ ಬಾಗಿಲ ಮೇಲಿನ ನಂಬರನ್ನು ಕೂಡ ನೆಲದಲ್ಲಿ ನಿಂತು ಬರೆದವನಲ್ಲ, ಸ್ಟೂಲಿನ ಮೇಲೆ ಹತ್ತಿ ಬರೆದಿದ್ದ. ನೆಲದ ಕೆಲಸ ಎಂದರೆ ಅವನಿಗೆ ಹದ್ದನ್ನು ಹಿಡಿದು ಕೋಳಿಗೂಡಿಗೆ ಹಾಕಿದಂತೆ.

ಅವನ ಹೆಂಡತಿ ಬಸ್ ಕಂಡಕ್ಟರು. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಇನ್ನೂ ಒಂದು ಮದುವೆ ದಿಬ್ಬಣವನ್ನು ಹಿಡಿಸುವ ಗಟ್ಟಿಗಿತ್ತಿ. ವಿಷಯ ಕೇಳಿದವಳೇ ಮನೆಯಲ್ಲಿ ಕಾನೂನು ಹೊರಡಿಸಿದಳು. ತಟ್ಟೆಯಲ್ಲಿ ಅನ್ನ ಅರ್ಧವಾಯಿತು, ಎಣ್ಣೆ ಕಾಲಾಯಿತು, ಕರಿದದ್ದು ಮನೆಯ ಹೊಸಿಲು ದಾಟುವುದು ನಿಂತಿತು. ಭಾವ ಒಪ್ಪಿದ. ಬಡಿಸಿದಷ್ಟು ತಿಂದು, ಕೈ ತೊಳೆದು, ಹಸಿದ ಹೊಟ್ಟೆಯನ್ನು ಹೊತ್ತುಕೊಂಡು ಹಲಗೆ ಹತ್ತಿದ. ಇಷ್ಟಾಗಿಯೂ ಗುಳ್ಳೆ ನಡುವಿಗೆ ಬರುವುದಿರಲಿ, ಮೂಲೆಯಿಂದ ತಲೆ ಹೊರಗೆ ಹಾಕಲಿಲ್ಲ. ಹಲಗೆ ಇನ್ನೂ ಒಂದು ಬೆರಳು ಇಳಿಯಿತು.

ಕದ್ದು ತಿನ್ನುತ್ತಿದ್ದಾನೆಂದು ಹೆಂಡತಿಗೆ ಅನುಮಾನ. ಅಕ್ಕನ ಮಾತಿಗೆ ತಲೆಯಾಡಿಸಿ ಮೈದುನ ಭಾವನ ಜೇಬು ತಡಕಿದ, ಸಿಕ್ಕಿದ್ದು ಕುಂಚ. ಮಕ್ಕಳು ಅವನ ಬಾಯಿ ಮೂಸಿ ನೋಡಿದವು. ಭಾವ ಸತ್ತುಹೋದ ತಾಯಿಯ ಮೇಲೆ ಆಣೆಯಿಟ್ಟ: ಮನೆಯ ತಟ್ಟೆ ಬಿಟ್ಟರೆ ಒಂದು ಕಾಳೂ ಹಲ್ಲಿಗೆ ತಾಗಿಲ್ಲ. ಆ ಆಣೆ ಶುದ್ಧ ನಿಜ. ಸೋಜಿಗವಿದ್ದದ್ದೇ ಅಲ್ಲಿ.

ಸುಣ್ಣ ಹೆಚ್ಚುಕಡಿಮೆ ಒಣಗುತ್ತಾ ಬಂದಿತ್ತು. ಒಂದು ಮಧ್ಯಾಹ್ನ ಅವಳ ಬಸ್ಸು ಗೋಡೆಯ ಎದುರಿನ ಸಿಗ್ನಲ್ಲಿನಲ್ಲಿ ನಿಂತಿತು. ಚೀಟಿ ಹರಿಯುತ್ತಿದ್ದವಳು ಸುಮ್ಮನೆ ಕಿಟಕಿಯಿಂದ ಮೇಲೆ ನೋಡಿದಳು. ಹಲಗೆಯಿಂದ ಹಗ್ಗ ಕಟ್ಟಿದ ಒಂದು ಸಣ್ಣ ಬಕೆಟ್ಟು ಬಾವಿಗೆ ಇಳಿದಂತೆ ಇಳಿಯಿತು. ಮೂಲೆಯ ಜ್ಯೂಸಿನ ಅಂಗಡಿಯವನು ಓಡಿಬಂದು ಅದರಲ್ಲಿ ಒಂದು ಎತ್ತರದ ಲೋಟ ಇಟ್ಟ. ಬಕೆಟ್ಟು ಮೇಲೆ ಹೋಯಿತು. ಬಣ್ಣದ ಎರಡು ಕೈಗಳನ್ನೂ ರೆಕ್ಕೆಯ ಹಾಗೆ ಅಗಲಿಸಿ ಹಿಡಿದು, ಭಾವ ಕೊಕ್ಕರೆಯಂತೆ ಬಗ್ಗಿ ಲೋಟದಲ್ಲಿದ್ದ ಹೀರುಕೊಳವೆಗೆ ಬಾಯಿ ಹಚ್ಚಿದ. ಕಣ್ಣು ಮುಚ್ಚಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕ ನೋಡುವುದಿಲ್ಲವೆ? ಇಲ್ಲಿ ಒಂದು ಬಸ್ಸು ಲೋಕವೇ ನೋಡುತ್ತಿತ್ತು. ಲೋಟ ಇಳಿಯಿತು, ಸೋಡಾದವನು ಕೆಂಪು ಬಾಟಲಿ ಇಟ್ಟ. ಅದು ಇಳಿಯಿತು, ಹಾಲಿನಂಗಡಿಯಿಂದ ಬಾಳೆಹಣ್ಣಿನ ಮಿಲ್ಕ್‌ಶೇಕು ಏರಿತು.

ಹಸಿರು ದೀಪ ಬಂದದ್ದು ಅವಳಿಗೆ ಕಾಣಲಿಲ್ಲ. ಕತ್ತಿನ ಸೀಟಿಯನ್ನು ಬಾಯಿಗಿಟ್ಟು ಊದಿದ ರಭಸಕ್ಕೆ ಡ್ರೈವರು ಬ್ರೇಕಿನ ಮೇಲೆ ನಿಂತ, ಮೇಲೆ ಭಾವನ ಬಾಯಿಯಿಂದ ಕೊಳವೆ ಬಿತ್ತು.

‘ಏನ್ರೀ ಅದು?’

ಎತ್ತರದಿಂದ ಉತ್ತರ ಬಂತು, ಒಳ್ಳೆ ಮಗುವಿನ ದನಿಯಲ್ಲಿ. ‘ಏನಿಲ್ಲ. ಬಾಯಾರಿತ್ತು.’

‘ಏನೂ ತಿಂದಿಲ್ಲ ಅಂದ್ರಲ್ಲ?’

‘ತಿಂದೆನಾ? ನೀನೇ ನೋಡಿದೆಯಲ್ಲ, ಕುಡಿದೆ.’

ಬಸ್ಸಿನಲ್ಲಿ ಎದ್ದ ನಗು ಕ್ಷೌರದಂಗಡಿಯವರೆಗೂ ಕೇಳಿತಂತೆ. ಭಾವ ನಗಿಸಲು ಆಡಿದ ಮಾತಲ್ಲ ಅದು. ಚಿಕ್ಕಂದಿನಲ್ಲಿ ಅವನು ಗಂಜಿ ಬಿಟ್ಟು ಬೇರೆ ಮುಟ್ಟದ ಹಟಮಾರಿ. ‘ಹಲ್ಲಿಗೆ ತಾಗದ್ದು ಊಟವಲ್ಲ ಮಗನೇ’ ಎಂದು ಹೇಳಿ ಹೇಳಿಯೇ ತಾಯಿ ಅವನಿಗೆ ತುತ್ತು ತಿನ್ನುವುದನ್ನು ಕಲಿಸಿದ್ದಳು. ಆ ಮಾತು ಅವನಿಗೆ ವೇದವಾಗಿ ಉಳಿದುಬಿಟ್ಟಿತ್ತು. ಅಗಿದರೆ ಊಟ, ನುಂಗಿದರೆ ನೀರು. ಅದರ ಮೇಲೆ ಹಲಗೆಯವರ ನಂಬಿಕೆ ಬೇರೆ: ನಾಲಿಗೆಯಲ್ಲಿ ಸಿಹಿಯಿದ್ದರೆ ಎತ್ತರದಲ್ಲಿ ತಲೆ ಸುತ್ತುವುದಿಲ್ಲ. ಅದರ ಮೇಲೆ ಬಣ್ಣದ ಕೈ. ಎರಡು ಕೈಯಲ್ಲೂ ಬರೆಯುವವನು ಬಾಯಿಗೆ ಏನಾದರೂ ಹಾಕುವುದಾದರೂ ಹೇಗೆ? ಕೊಳವೆಯೊಂದೇ ದಾರಿ. ಅದರ ಮೇಲೆ ಕೆಳಗಿನ ಅಂಗಡಿಯವರ ಪ್ರೀತಿ. ಅವರ ಬೋರ್ಡುಗಳನ್ನೆಲ್ಲ ತಿದ್ದಿಕೊಟ್ಟವನು ಅವನೇ. ಬಕೆಟ್ಟು ಖಾಲಿ ಮೇಲೆ ಹೋದರೆ ಅವರಿಗೇ ಅವಮಾನ. ಮನೆಯಲ್ಲಿ ತಟ್ಟೆ ಅರ್ಧವಾದಷ್ಟೂ ಬಕೆಟ್ಟಿನ ಓಡಾಟ ದುಪ್ಪಟ್ಟಾಗಿತ್ತು. ಮೈದುನನಿಗೆ ಅದೆಲ್ಲ ಕಾಣುತ್ತಿತ್ತು. ಆದರೆ ಅಕ್ಕ ಕಾಯಲು ಹೇಳಿದ್ದು ತಿನ್ನುವುದನ್ನು, ಕುಡಿಯುವುದನ್ನಲ್ಲ.

ಬಸ್ಸನ್ನು ಡಿಪೋಗೆ ಮುಟ್ಟಿಸಿ, ಊಟದ ವಿರಾಮದಲ್ಲಿ ಅವಳು ಹಿಂತಿರುಗಿದಳು. ಅರ್ಧ ಬಸ್ಸು ಅವಳ ಹಿಂದೆಯೇ ಬಂತು. ಕಾರ್ಖಾನೆಯ ಅಂಗಳದಲ್ಲಿ ಒಂದು ಉದ್ದನೆಯ ಮೇಜು. ಒಡತಿ ಕುರ್ಚಿ ಹಾಕಿಸಿಕೊಂಡರು. ಹಗ್ಗ ಹಿಡಿಯಲು ಹೋಗಿದ್ದ ನನಗೂ ಒಂದು ಸ್ಟೂಲು ಸಿಕ್ಕಿತು. ಕಂಡಕ್ಟರಮ್ಮ ಅಂಗಡಿಯವರನ್ನು ಸಾಲಾಗಿ ನಿಲ್ಲಿಸಿದಳು.

‘ಇವತ್ತಿಂದು ಬಿಡಿ, ನಿನ್ನೆ ಮಧ್ಯಾಹ್ನದ ಒಳಗೆ ಮೇಲೆ ಹೋದದ್ದೆಲ್ಲ ತಂದಿಡಿ. ಹಿಂಡಬೇಡಿ, ಕಲಸಬೇಡಿ, ಇದ್ದ ಹಾಗೇ ತನ್ನಿ.’

ಜ್ಯೂಸಿನವನು ಒಂದು ಎತ್ತರದ ಲೋಟಕ್ಕೆಂದು ಕಿತ್ತಳೆ ಇಡುತ್ತಾ ಹೋದ. ಒಂದು ಲೋಟಕ್ಕೆ ಒಂದು ಬುಟ್ಟಿಯ ತಳ ಮುಚ್ಚಿತು. ಇನ್ನೊಂದು ಲೋಟಕ್ಕೆ ಮತ್ತೆ ಅಷ್ಟೇ. ಕಬ್ಬಿನ ಹಾಲಿಗೆಂದು ಮೊಳಗಟ್ಟಲೆ ಕಬ್ಬು ಬಂತು. ಹಾಲಿನಂಗಡಿಯವನು ಬಾಳೆಹಣ್ಣು, ಹಾಲು, ಐಸ್‌ಕ್ರೀಮಿನ ಉಂಡೆ, ಸಕ್ಕರೆ ಜೋಡಿಸಿದ. ಸೋಡಾದವನು ಬರಿಗೈಯಲ್ಲಿ ಬಂದು ಹಲ್ಲು ಕಿರಿದ. ಅವನ ಬಾಟಲಿಯಲ್ಲಿ ನೀರು, ಗಾಳಿ, ಬಣ್ಣ ಬಿಟ್ಟರೆ ಉಳಿಯುವುದು ಸಕ್ಕರೆಯೊಂದೇ. ಅವಳು ಹಾಲಿನವನ ಡಬ್ಬವನ್ನೇ ಅವನ ಮುಂದಿಟ್ಟು ಚಮಚ ಕೊಟ್ಟಳು. ಅವನು ಸುರಿದ. ಸುರಿಯುತ್ತಲೇ ಇದ್ದ. ‘ಸಾಕು’ ಎಂದು ಯಾರೋ ಹೇಳಿದರು. ‘ಇನ್ನೂ ಒಂದು ಬಾಟಲಿ ಇದೆಯಲ್ಲ’ ಎಂದ ಪಾಪ, ಪ್ರಾಮಾಣಿಕ ಮನುಷ್ಯ.

ಮೇಜು ತುಂಬಿತು. ನೋಡಿದರೆ ಯಾರದೋ ಮನೆಯ ಸಮಾರಂಭದ ದಿನಸಿ ಇಳಿಸಿದಂತಿತ್ತು.

‘ಕೂತ್ಕೊಳ್ಳಿ,’ ಎಂದಳು ಗಂಡನಿಗೆ. ‘ಇದೆಲ್ಲ ನಿನ್ನೆ ನೀವು ಮಧ್ಯಾಹ್ನದ ಒಳಗೆ ಒಳಗಿಳಿಸಿದ್ದು. ಇವತ್ತು ಹಲ್ಲಿಗೆ ತಾಗಿಸಿ ಇಳಿಸಿ. ಇಳಿಸಿದ್ರೆ ನಾನೇ ಮೇಡಂ ಕಾಲು ಹಿಡಿದು ನಿಮ್ಮನ್ನ ಹಲಗೆ ಹತ್ತಿಸ್ತೀನಿ.’

ಭಾವನಿಗೆ ಖುಷಿಯೇ ಆಯಿತು. ಹಸಿದಿದ್ದ ಬೇರೆ. ಮೊದಲ ಕಿತ್ತಳೆಯನ್ನು ಸಿಪ್ಪೆ ಸುಲಿದು ತಮಾಷೆ ಮಾಡುತ್ತಾ ತಿಂದ. ಎರಡನೆಯದನ್ನು ತಿಂದ. ಮೂರನೆಯದಕ್ಕೆ ಮಾತು ನಿಂತಿತು. ನಾಲ್ಕನೆಯದರ ಬೀಜ ಉಗುಳುವಷ್ಟರಲ್ಲಿ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡ. ಕಬ್ಬಿಗೆ ಹಲ್ಲು ಹಚ್ಚಿದ. ಒಂದು ಗಿಣ್ಣು ಮುಗಿಯುವಾಗ ದವಡೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡ, ಎರಡು ಕೈಯ ಕಸುಬುದಾರನಲ್ಲವೆ. ಬಾಳೆಹಣ್ಣು ಒಂದು ಹೇಗೋ ಹೋಯಿತು. ಸಕ್ಕರೆಯ ಮುಂದೆ ಚಮಚ ಹಿಡಿದು ಕೂತಾಗ ಅಂಗಳವೇ ಉಸಿರು ಬಿಗಿಹಿಡಿಯಿತು. ಒಂದು ಚಮಚ. ಎರಡು. ಮೂರನೆಯದು ಬಾಯಿಯ ಹತ್ತಿರ ಹೋಗಿ, ಪುನಃ ಯೋಚಿಸಿ, ಹಿಂದಕ್ಕೆ ಬಂತು. ಮೇಜಿನ ಮೇಲೆ ಇನ್ನೂ ಮುಕ್ಕಾಲು ಪಾಲು ಹಾಗೇ ಇತ್ತು.

‘ಆಗಲ್ಲ,’ ಎಂದ. ‘ಹೊಟ್ಟೆ ತುಂಬಿಹೋಯ್ತು.’

‘ನಿನ್ನೆ ತುಂಬಲಿಲ್ವಾ?’

ಭಾವ ಯೋಚಿಸಿದ. ನಿಜವಾಗಿ ಯೋಚಿಸಿದ, ಹಣೆಯಲ್ಲಿ ಗೆರೆ ಮೂಡಿದವು. ‘ಇಲ್ಲ. ನಿನ್ನೆ ಮನೆಗೆ ಬಂದು ಇನ್ನೂ ಸ್ವಲ್ಪ ಅನ್ನ ಹಾಕು ಅಂದೆ.’

ಅವಳು ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ಬಸ್ಸಿನ ದನಿ ಹೋಗಿ ಮನೆಯ ದನಿ ಬಂತು. ‘ಅತ್ತೆ ಹೇಳಿದ್ದು ಸರಿನೇ. ಹಲ್ಲಿಗೆ ತಾಗದ್ದು ಹೊಟ್ಟೆ ತುಂಬಲ್ಲ. ಮೈ ತುಂಬಲ್ಲ ಅಂತ ಅವರು ಯಾವತ್ತೂ ಹೇಳಲಿಲ್ಲ.’

ಇದಕ್ಕಿಂತ ಚೆನ್ನಾಗಿ ಈ ವಿಷಯವನ್ನು ಯಾರೂ ಹೇಳಿದ್ದು ನನಗೆ ಗೊತ್ತಿಲ್ಲ. ಅಗಿಯುವಾಗ ಬಾಯಿ ಹೊಟ್ಟೆಗೆ ಸುದ್ದಿ ಕಳಿಸುತ್ತದೆ, ಬರುತ್ತಿದೆ, ಬರುತ್ತಿದೆ, ಸಾಕು ಎಂದು. ಕೊಳವೆಯಲ್ಲಿ ಹೋದದ್ದು ಹಿತ್ತಲ ಬಾಗಿಲಿನಿಂದ ನುಗ್ಗಿದ ನೆಂಟನ ಹಾಗೆ. ಯಾರಿಗೂ ತಿಳಿಸುವುದಿಲ್ಲ, ಆದರೆ ಠಿಕಾಣಿ ಹೂಡುತ್ತದೆ. ಹನಿ ಹನಿ ಕೂಡಿದರೆ ಹಳ್ಳ. ಭಾವನಲ್ಲಿ ಅದು ಸೊಂಟದ ಸುತ್ತ ಹರಿದಿತ್ತು.

ಒಡತಿ ಅಷ್ಟು ಹೊತ್ತೂ ತುಟಿ ಬಿಗಿದು ಕೂತಿದ್ದರು. ನಗು ತಡೆಯಲು ಹಾಗೆ ಕೂತಿದ್ದರೆಂದು ಆಮೇಲೆ ಗೊತ್ತಾಯಿತು. ಒಳಗೆ ಹೋಗಿ ಒಂದು ಕ್ಯಾನ್ವಾಸು ಚೀಲದಲ್ಲಿ ಕಬ್ಬಿಣದ ತೂಕದ ಕಲ್ಲುಗಳನ್ನು ತರಿಸಿದರು, ದೊಡ್ಡದರಿಂದ ಚಿಕ್ಕದರವರೆಗೆ. ಆ ಚೀಲ ಮೈದುನನ ತುದಿಗೆ ನೇತಾಡಲಿ, ಹಲಗೆ ನೇರವಾಗಲಿ, ಬರಹ ಶುರುವಾಗಲಿ ಎಂದರು. ಆದರೆ ಕಾರ್ಖಾನೆಯ ಹೆಸರನ್ನು ಬರೆಯುವ ದಿನ ಚೀಲ ಇರಕೂಡದು. ‘ನನ್ನ ಹೆಸರನ್ನ ಕಲ್ಲು ಕಟ್ಟಿ ನೇರ ಮಾಡೋದು ಬೇಡ, ಪೇಂಟರ್ರೇ. ಆ ದಿನ ವಾಲಿದ್ರೆ ಗೇಟಿಗೆ ಬಣ್ಣ ಕಲಸಿ ಇಟ್ಟಿರ್ತೀನಿ.’

ಅಲ್ಲಿಂದ ಶುರುವಾಯಿತು ನೋಡಿ ಬೀದಿಯ ಸಂಭ್ರಮ. ಮನೆಯಲ್ಲಿ ತಟ್ಟೆ ಮತ್ತೆ ಪೂರ್ತಿಯಾಯಿತು: ಅನ್ನ, ಬೇಳೆ, ರಾಶಿ ತರಕಾರಿ, ಹಸಿ ಸೌತೆಕಾಯಿ, ಎಲ್ಲ ಅಗಿಯುವಂಥದ್ದೇ. ಹಸಿದರೆ ಊಟ, ಬಾಯಾರಿದರೆ ನೀರು. ಎರಡನ್ನೂ ಒಂದೇ ಲೋಟದಲ್ಲಿ ಬೆರೆಸುವಂತಿಲ್ಲ. ಮೊದಮೊದಲು ಭಾವನಿಗೆ ತಲೆನೋವು, ಮುನಿಸು. ಬಕೆಟ್ಟಿನಲ್ಲಿ ಬಂದ ನೀರನ್ನು ನೋಡಿ, ಇದಕ್ಕೆ ರುಚಿಯೇ ಇಲ್ಲ ಎಂದು ಇಡೀ ಬೀದಿಗೆ ಕೇಳುವಂತೆ ದೂರುತ್ತಿದ್ದ. ನಾಲಿಗೆಯ ಸಿಹಿ ಹೋದರೆ ತಲೆ ಸುತ್ತುತ್ತದೆ ಎಂದು ಕಾದ, ಸುತ್ತಲಿಲ್ಲ. ಆಮೇಲಾಮೇಲೆ ನೀರಿಗೂ ಅಂಗಡಿಯಿಂದ ಅಂಗಡಿಗೆ ರುಚಿ ಬೇರೆ ಎಂದು ವಾದಿಸತೊಡಗಿದ. ಮಣ್ಣಿನ ಹೂಜಿಯಿಂದ ಬರುವ ಕ್ಷೌರದಂಗಡಿಯ ನೀರೇ ಶ್ರೇಷ್ಠ ಎಂದು ತೀರ್ಪನ್ನೂ ಕೊಟ್ಟ. ಕ್ಷೌರದವನು ಎರಡು ದಿನ ಬೀಗಿದ.

ಜ್ಯೂಸಿನವನಿಗೆ ಬೇಜಾರಾಗಬಾರದೆಂದು ದಿನಕ್ಕೊಂದು ಕಿತ್ತಳೆ ಇಡಿಯಾಗಿ ಮೇಲೆ ಹೋಗುತ್ತಿತ್ತು. ಸುಲಿಯುವವರಾರು? ಮೈದುನ ಕಾಲುಚೀಲ ಕಳಚಿ, ಚೊಕ್ಕ ಕೈಯಿಂದ ಸುಲಿದು, ಹಲಗೆಯ ಉದ್ದಕ್ಕೂ ತನ್ನ ಉದ್ದ ತೋಳು ಚಾಚಿ, ಒಂದೊಂದೇ ತೊಳೆಯನ್ನು ಭಾವನ ಬಾಯಿಗೆ ಇಡುತ್ತಿದ್ದ. ಭಾವ ಎರಡು ಕೈಯಲ್ಲೂ ಬರೆಯುತ್ತಾ ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದ. ಕೆಳಗಿನವರು ಸುಮ್ಮನಿರುತ್ತಾರೆಯೇ? ಹೊಸ ಗಂಡಹೆಂಡಿರಿಗೆ ದೃಷ್ಟಿ ತಗುಲೀತು, ಪರದೆ ಕಟ್ಟಿ ಎಂದು ಕೂಗುವರು. ಮೇಲಿನಿಂದ ಬೀಜದ ಮಳೆಯೇ ಉತ್ತರ.

ಬೆಳಗ್ಗೆ ಹಲಗೆ ಏರುವ ಮೊದಲು ಒಡತಿ ರಸಮಟ್ಟ ಇಡಿಸುವರು. ಗುಳ್ಳೆ ಭಾವನ ಕಡೆಗೆ ಹೊರಳಿದರೆ ಒಂದು ಕಲ್ಲು ಕಡಿಮೆ ಮಾಡಬಹುದೆಂದು ಅರ್ಥ. ಕಲ್ಲು ಹೊರಬಂದ ದಿನ ಬೀದಿಯಲ್ಲಿ ಚಪ್ಪಾಳೆ. ಮೇಲಿನ ಸಾಲು ದಾರ ಹಿಡಿದಂತೆ ನೇರ ಬಂತು. ಆನೆ ಗಾತ್ರದ ತಕ್ಕಡಿಯ ಚಿತ್ರ ಮುಗಿಯುವಾಗ ಬೇಸಿಗೆ ಕಳೆದು ಗಾಳಿ ತಂಪಾಗಿತ್ತು, ಚೀಲದಲ್ಲಿ ಒಂದೇ ಒಂದು ಚಿಕ್ಕ ಕಲ್ಲು ಉಳಿದಿತ್ತು.

ಆ ಚಿಕ್ಕದು ಮಾತ್ರ ಹೊರಡಲೊಲ್ಲದು. ಹೆಸರು ಬರೆಯುವ ದಿನವೂ ಬಂತು. ಹಲಗೆ ಮೊದಲ ಮಹಡಿಯ ಎತ್ತರದಲ್ಲಿ ತೂಗುತ್ತಿತ್ತು, ಎಲ್ಲರ ಕಣ್ಣಿಗೂ ಚೆನ್ನಾಗಿ ಕಾಣುವಂತೆ. ಬೇರೊಬ್ಬ ತೆಳ್ಳನೆಯ ಪೇಂಟರು ಗೋಡೆಗೆ ಒರಗಿ ಬೀಡಿ ಸೇದುತ್ತಾ ಕಾದಿದ್ದ. ಗೇಟಿನ ಪಕ್ಕದಲ್ಲಿ ಬಣ್ಣದ ಡಬ್ಬ ಬಾಯಿ ತೆರೆದು ಕೂತಿತ್ತು. ಒಡತಿ ಕಲ್ಲು ತೆಗೆಸಿದರು. ಗುಳ್ಳೆ ನಡುವಿನಿಂದ ಹೊರಟು, ನಿಧಾನವಾಗಿ, ನಾಚಿಕೆಯಿಲ್ಲದೆ, ಮೈದುನನ ಕಡೆಗೆ ಹೋಯಿತು.

ಮೈದುನನ ಮುಖ ಬಾಡಿತು. ಜೇಬಿಗೆ ಕಲ್ಲು ತುಂಬಿಕೊಳ್ಳಲೇ ಭಾವ ಎಂದು ಪಿಸುಗುಟ್ಟಿದನಂತೆ. ಭಾವ ಕೇಳಿಸಿಕೊಳ್ಳಲಿಲ್ಲ. ತನ್ನ ಮೈಯನ್ನೇ ನೋಡಿಕೊಳ್ಳುತ್ತಿದ್ದ. ಬಣ್ಣದವರು ಬಟ್ಟೆಯ ಮೇಲೆ ಹಾಕಿಕೊಳ್ಳುವ ನಿಲುವಂಗಿ ಅವನ ಮೈಮೇಲಿತ್ತು. ಅದು ಅವನ ಹೆಮ್ಮೆ. ಬರೆದ ಒಂದೊಂದು ಗೋಡೆಯ ಬಣ್ಣವೂ ಅದರ ಮೇಲೆ ಪದರ ಪದರವಾಗಿ ಗಟ್ಟಿಯಾಗಿ, ಬಿಚ್ಚಿ ಇಟ್ಟರೆ ತಾನೇ ನಿಲ್ಲುವಂತಿತ್ತು. ಒಗೆಯಲು ಹೆಂಡತಿಗೂ ಕೊಟ್ಟವನಲ್ಲ. ಮೈ ಇಳಿದ ಮೇಲೆ ಅದರೊಳಗೆ ಅವನು ಗಂಟೆಯೊಳಗಿನ ನಾಲಿಗೆಯ ಹಾಗೆ ಆಡುತ್ತಿದ್ದ.

ಗುಂಡಿ ಬಿಚ್ಚಿದ. ಒಂದು ತೋಳು, ಇನ್ನೊಂದು ತೋಳು. ಸೊಂಟದ ಹಗ್ಗದ ಸಂದಿನಿಂದ ಹಾವು ಪೊರೆ ಬಿಟ್ಟಂತೆ ಅದರಿಂದ ಹೊರಬಂದು, ಕೈಬಿಟ್ಟ. ನಿಲುವಂಗಿ ನೆಲಕ್ಕೆ ಬಿದ್ದ ಸದ್ದಿಗೆ ಎಲೆಕೋಸಿನ ಗಾಡಿಯವನು ಹಾರಿ ನಿಂತ. ಮೇಲೆ ಭಾವ, ಬನಿಯನ್ನು ಮತ್ತು ಪಟ್ಟೆಪಟ್ಟೆಯ ಚಡ್ಡಿಯಲ್ಲಿ, ದೇವರು ಕೊಟ್ಟ ಮೈಯನ್ನು ನೇರ ಮಾಡಿಕೊಂಡು ಕೂತಿದ್ದ. ಗುಳ್ಳೆ ಸ್ವಲ್ಪ ಅಲ್ಲಾಡಿತು, ಅತ್ತ ನೋಡಿತು, ಇತ್ತ ನೋಡಿತು, ನಡುವೆ ಬಂದು ನಿಂತಿತು.

ಇದು ಸಲ್ಲದೆಂದು ಆ ತೆಳ್ಳನೆಯ ಪೇಂಟರು ತಕರಾರು ತೆಗೆದ. ಬಟ್ಟೆ ಬಿಚ್ಚಿದರೆ ಯಾರಾದರೂ ಹಗುರಾಗುತ್ತಾರೆ ಎಂದ. ಒಡತಿ ಬಿದ್ದ ನಿಲುವಂಗಿಯನ್ನು ಕಾಲಿನಿಂದ ಸರಿಸಿ ನೋಡಿದರು. ಅದು ಹಲಗೆಯ ಹಾಗೆ ಸರಿಯಿತು. ಪೆನ್ಸಿಲ್ಲನ್ನು ಕಿವಿಯಿಂದ ತೆಗೆದು ಮತ್ತೆ ಕಿವಿಗಿಟ್ಟರು. ‘ನಾನು ಕಲ್ಲು ಬೇಡ ಅಂದೆ. ಬಟ್ಟೆ ಬೇಕು ಅಂದಿಲ್ಲ. ಬರೀರಿ, ಪೇಂಟರ್ರೇ.’ ಹಾಗೆಂದು ಗೇಟಿನ ಬಣ್ಣದ ಡಬ್ಬಕ್ಕೆ ತಾವೇ ಮುಚ್ಚಳ ಒತ್ತಿದರು.

ನೀಲಿ ದಾರ ಫಟ್ಟೆಂದಿತು. ಭಾವ ಎರಡು ಕೈಯಲ್ಲೂ ಶುರುಮಾಡಿದ. ಬನಿಯನ್ನಿನಲ್ಲಿ ಕೂತು ಅಷ್ಟು ಗತ್ತಿನಿಂದ ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ಮೂರನೆಯ ಅಕ್ಷರದಲ್ಲಿದ್ದಾಗ ಅವನ ಹೆಂಡತಿಯ ಬಸ್ಸು ಬಂದು ಸಿಗ್ನಲ್ಲಿಗೆ ನಿಂತಿತು. ಒಳಗಿನವರೆಲ್ಲ ಒಮ್ಮೆಗೇ ಗೋಡೆಯ ಕಡೆಯ ಕಿಟಕಿಗಳಿಗೆ ಮುಗಿಬಿದ್ದರು. ಬಸ್ಸು ನರಳುತ್ತಾ ಒಂದು ಪಕ್ಕಕ್ಕೆ ವಾಲಿತು, ಡ್ರೈವರು ಸ್ಟಿಯರಿಂಗನ್ನು ತಬ್ಬಿಕೊಂಡ. ಚಡ್ಡಿಯ ಪಟ್ಟೆಗಳನ್ನು ದೂರದಿಂದಲೇ ಗುರುತು ಹಿಡಿದ ಕಂಡಕ್ಟರಮ್ಮ ಒಂದು ಕ್ಷಣ ಚೀಟಿಯ ಕಟ್ಟಿನಿಂದ ಮುಖ ಮುಚ್ಚಿಕೊಂಡಳು. ಆಮೇಲೆ ಸೀಟಿ ಊದಿದಳು.

‘ಅರ್ಧ ಜನ ಈ ಕಡೆಗೆ ಬನ್ನಿ, ಬಸ್ಸು ಮಗುಚತ್ತೆ,’ ಎಂದಳು. ‘ನಿಧಾನಕ್ಕೆ ನೋಡಿ. ಅಲ್ಲಿ ಕೂತಿರೋದು ನನ್ನ ಗಂಡ. ಇನ್ನೂ ಮೂರು ಗೋಡೆ ಇದೆ, ಎಲ್ಲೂ ಹೋಗಲ್ಲ.’